ಹಗೇವಿನ ಮೇಲಿನ ಕಂಬ

ಗಲ್ಲದ ಮೇಲೆ ಏನೋ ಬಿದ್ದು ನಿಮಗೆ ಎಚ್ಚರವಾಗುತ್ತದೆ. ಹನಿ ಇರಬೇಕೆಂದು ಒರೆಸಿಕೊಂಡರೆ ಬೆರಳಿಗೆ ಹತ್ತುವುದು ಪುಡಿಮಣ್ಣು. ಎರಡು ಬೆರಳ ನಡುವೆ ತಿಕ್ಕುತ್ತೀರಿ. ಜೋಳದ ಹಿಟ್ಟಿನಷ್ಟು ನುಣುಪು. ಕತ್ತಲಲ್ಲಿ ಕಣ್ಣು ತೆರೆದು, ಅಲುಗದೆ, ಇನ್ನೊಂದಕ್ಕೆ ಕಾಯುತ್ತೀರಿ. ಬೀಳುತ್ತದೆ. ಈ ಸಲ ಕೌದಿಯ ಮೇಲೆ, ಟಪ್ ಎಂದು, ತುಸು ದಪ್ಪಗೆ.

ಮೊಬೈಲ್ ಒತ್ತಿದರೆ 1:40. ಕರೆಂಟು ಸಂಜೆಯೇ ಹೋಗಿದೆ. ಔರಾದ್ ತಾಲೂಕಿನ ಈ ಹಳ್ಳಿಯಲ್ಲಿ ಉತ್ತರಿ ಮಳೆ ಹಿಡಿದು ಇದು ಮೂರನೆಯ ರಾತ್ರಿ. ಆದರೂ ತಲೆಯ ಮೇಲೆ ಮಳೆಯ ಸದ್ದಿಲ್ಲ. ತಗಡಿನ ಮನೆಯಲ್ಲಿ ಮಳೆ ಕಿವಿಗೆ ಬಡಿಯುತ್ತದೆ, ಮಣ್ಣಿನ ಮಾಳಿಗೆಯಲ್ಲಿ ಮೂಗಿಗೆ ಬರುತ್ತದೆ. ಮೇಲಿನ ಮಣ್ಣು ಸದ್ದನ್ನೆಲ್ಲ ಕುಡಿದುಬಿಡುತ್ತದೆ. ಸದ್ದಿನ ಜೊತೆ ನೀರನ್ನೂ. ಅಂಗಳದಲ್ಲಿ ಮಾತ್ರ ಮಾಳಿಗೆಯ ದೋಣಿಯಿಂದ ನೀರು ಧೋ ಎಂದು ಸುರಿಯುತ್ತಿದೆ. ಒಳಗೆ, ಹೊಸ ಮಡಕೆಗೆ ಮೊದಲ ಸಲ ನೀರು ತುಂಬಿದಾಗಿನ ವಾಸನೆ. ಸಂಜೆ ಬಂದಾಗ ಇದೇ ವಾಸನೆಯನ್ನು ಆಸೆಯಿಂದ ಎಳೆದುಕೊಂಡಿದ್ದಿರಿ. ಈಗ ಅದು ಗಂಟಲಲ್ಲಿ ನಿಲ್ಲುತ್ತಿದೆ.

“ಎಚ್ಚರದೀ ಏನು?” ಪಡಸಾಲೆಯ ಆ ಮೂಲೆಯಿಂದ ಮುತ್ಯಾನ ದನಿ.

“ಮುತ್ಯಾ, ಮ್ಯಾಲಿಂದ ಮಣ್ಣು ಉದುರ್ಲತ್ತದ.”

“ಗೊತ್ತದ. ಹನ್ನೊಂದರಿಂದ ಎಣಸ್ಲತ್ತೀನಿ. ಮೊದಲ ತಾಸಿಗೊಂದು ಬೀಳ್ತಿತ್ತು. ಈಗ ಒಂದು ಬೀಡಿ ಮುಗಿಯೂದ್ರಾಗ ಎರಡು.”

ಮನೆತನದಲ್ಲಿ ಸಿವಿಲ್ ಓದಿದವರು ನೀವೊಬ್ಬರೇ. ಅದಕ್ಕೇ ಮಾಮಾ ಕರೆಸಿದ್ದು. ಹಳೆಯ ಗೋಡೆ ಹಾಗೇ ಇಟ್ಟು ಮೇಲೊಂದು ಸ್ಲ್ಯಾಬ್ ಎಳೆದರೆ ನಡೆದೀತೇ ಎಂಬುದು ಅವನ ಪ್ರಶ್ನೆ. ಸಂಜೆ ಒಳಗೋಡೆಗೆ ಗೆಣ್ಣಿನಿಂದ ಬಡಿದು ನೋಡಿದ್ದಿರಿ. ಎರಡೂವರೆ ಅಡಿ ದಪ್ಪ, ಕಲ್ಲೂ ಮಣ್ಣೂ ಕೂಡಿದ ಗೋಡೆ. ಬಂಡೆಗೆ ಬಡಿದ ಹಾಗೆ ಗೆಣ್ಣು ನೋಯಿತು. “ನೋಡಮು ಮಾಮಾ, ಗ್ವಾಡಿ ಗಟ್ಟಿ ಅದ” ಎಂದಿದ್ದಿರಿ. ಈ ಹೊತ್ತಿನಲ್ಲಿ ಆ ಮಾತು ನೆನಪಾಗಿ ಕಿವಿ ಬಿಸಿಯಾಗುತ್ತದೆ.

ಮಲಗಿದಲ್ಲೇ ಲೆಕ್ಕ ಹಾಕುತ್ತೀರಿ. ಪಡಸಾಲೆ 12 ಅಡಿಗೆ 15. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಚೂರು, ತೊಗರಿ ಕಟ್ಟಿಗೆ, ಬೇವಿನ ಸೊಪ್ಪು, ಅದರ ಮೇಲೆ ಮಣ್ಣು. ವರ್ಷವರ್ಷವೂ ಮಿರಗಕ್ಕೆ ಮುಂಚೆ ಹೊಸ ಮಣ್ಣು ಹಾಕುವವರಿದ್ದಾರೆ, ಹಳೆಯದನ್ನು ಕೆರೆದು ತೆಗೆಯುವವರಿಲ್ಲ. ಮುತ್ಯಾ ಹುಟ್ಟಿದಾಗ ಗೇಣಿದ್ದದ್ದು ಈಗ ಮೊಳವಾಗಿದೆ. ಮೊಳವೆಂದರೆ ಒಂದೂವರೆ ಅಡಿ. ಒಟ್ಟು 270 ಘನ ಅಡಿ. ಒಣಮಣ್ಣು ಘನ ಅಡಿಗೆ ಸುಮಾರು 45 ಕಿಲೊ. ಹನ್ನೆರಡು ಟನ್! ಮೂರು ದಿನದ ನೀರು ಕುಡಿದ ಮೇಲೆ ಇನ್ನೂ ಒಂದೂವರೆ ಎರಡು ಟನ್. ಯಾರೋ ಸದ್ದಿಲ್ಲದೆ ಒಂದು ಟ್ರ್ಯಾಕ್ಟರ್ ತಂದು ನಿಮ್ಮ ಎದೆಯ ಮೇಲಿನ ಮಾಳಿಗೆಗೆ ಹತ್ತಿಸಿದ್ದಾರೆ.

ಎದ್ದು ಕೂರುತ್ತೀರಿ. ಸಾರಿಸಿದ ನೆಲಕ್ಕೆ ಬರಿಗಾಲು ಇಡುತ್ತೀರಿ. ಗೋಡೆಯ ಬದಿಗೆ ನೆಲ ಗಟ್ಟಿ, ತಣ್ಣಗೆ. ಒಂದು ಹೆಜ್ಜೆ, ಎರಡು, ಮೂರು. ನಡುಗಂಬದ ಹತ್ತಿರ ನಾಲ್ಕನೆಯ ಹೆಜ್ಜೆ ಇಟ್ಟಾಗ ಹಿಮ್ಮಡಿ ಇಳಿಯುತ್ತದೆ. ಹೆಚ್ಚೇನಿಲ್ಲ, ಒಂದು ರೊಟ್ಟಿಯ ದಪ್ಪ. ಆದರೆ ನೆಲ ಇಳಿದದ್ದು ಮೊದಲು ಹೊಟ್ಟೆಗೆ ಗೊತ್ತಾಗುತ್ತದೆ, ಕಾಲಿಗೆ ಆಮೇಲೆ.

ಮೊಬೈಲ್ ಬೆಳಕು ಹಾಯಿಸುತ್ತೀರಿ. ಹೊಸ್ತಿಲ ಕೆಳಗಿನಿಂದ ಅಂಗಳದ ನೀರು ಬೆರಳಗಲದ ಎಳೆಯಾಗಿ ಒಳಗೆ ಬಂದಿದೆ. ಹಾವಿನ ಹಾಗೆ ತಿರುಗಿ ನಡುಗಂಬದ ಬುಡಕ್ಕೆ ಬಂದು ಅಲ್ಲಿಗೇ ಮುಗಿಯುತ್ತದೆ. ಹರಡಿಲ್ಲ, ಮಡುಗಟ್ಟಿಲ್ಲ. ಇಷ್ಟು ಹೊತ್ತಿನಿಂದ ಬರುತ್ತಿರುವ ನೀರು ಹೋಗುತ್ತಿರುವುದೆಲ್ಲಿಗೆ?

“ಮುತ್ಯಾ, ಕಂಬದ ಕೆಳಗ ಏನದ?”

ಬೀಡಿಯ ತುದಿ ಒಮ್ಮೆ ಕೆಂಪಗಾಗಿ ಆರುತ್ತದೆ. “ಕೆಳಗ ಏನಿಲ್ಲ. ಬಾಜೂಕ ಹಗೇವ ಇತ್ತು.”

ಹಗೇವು! ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಆಳ ಆಳೆತ್ತರಕ್ಕಿಂತ ಹೆಚ್ಚು. ಇಳಿಯುವ ಮುಂಚೆ ದೀಪ ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಒಳಗೆ ಕೆಟ್ಟಗಾಳಿ, ಇಳಿದವ ಮೇಲೆ ಬರುವುದಿಲ್ಲ. ಇಷ್ಟು ನಿಮಗೆ ಸಣ್ಣಂದಿನ ಕತೆಗಳಿಂದ ಗೊತ್ತು. ಗೊತ್ತಿಲ್ಲದ್ದನ್ನು ಮುತ್ಯಾ ಹೇಳುತ್ತಾನೆ.

“ಎಪ್ಪತ್ತೆರಡರ ಬರದಾಗ ಖಾಲಿ ಆತು. ಮತ್ತ ತುಂಬಲಿಲ್ಲ. ಕೂಸುಗಳು ಬಿದ್ದಾವು ಅಂತ ಒಲಿ ಬೂದಿ, ಹೊಟ್ಟು, ಬಿದ್ದ ಗ್ವಾಡಿ ಮಣ್ಣು, ಕೈಗೆ ಸಿಕ್ಕದ್ದು ಹಾಕಿ ಮುಚ್ಚಿದೆವು.”

ಮೂಗು ಆಗ ಹಿಡಿಯುತ್ತದೆ. ಹೊಸ ಮಡಕೆಯ ವಾಸನೆಯ ಅಡಿಯಲ್ಲಿ ಇನ್ನೊಂದು: ನೆನೆದ ಬೂದಿಯ ವಾಸನೆ. ಐವತ್ತು ವರ್ಷ ಒಣಗಿ ಕೂತಿದ್ದ ಹೊಟ್ಟೆಗೆ ಈಗ ನೀರು ಇಳಿಯುತ್ತಿದೆ.

ಕಾಲೇಜಿನ ಲ್ಯಾಬು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಹಿತ್ತಾಳೆಯ ಉಂಗುರದಲ್ಲಿ 20 ಮಿಲಿಮೀಟರ್ ದಪ್ಪದ ಮಣ್ಣಿನ ಬಿಲ್ಲೆ. ಅದರ ಮೇಲೆ ತೂಕ ಏರಿಸುತ್ತ ಹೋಗುತ್ತೀರಿ. ಗಡಿಯಾರದಂಥ ಮಾಪಕದ ಮುಳ್ಳು ಒಂದಿಷ್ಟೇ ಸರಿಯುತ್ತದೆ. ಚದರ ಸೆಂಟಿಮೀಟರಿಗೆ ಎರಡು ಕಿಲೊ ಭಾರ ಬಿದ್ದರೂ ಬಿಲ್ಲೆ ಹೊತ್ತು ನಿಲ್ಲುತ್ತದೆ. ಮೇಷ್ಟ್ರು ಪಿಪೆಟ್ಟಿನಿಂದ ನೀರು ಬಿಡುತ್ತಾರೆ. ತೂಕ ಒಂದು ಗ್ರಾಮೂ ಹೆಚ್ಚಿಸಿಲ್ಲ. ಮುಳ್ಳು ಗಿರ್ರನೆ ತಿರುಗುತ್ತದೆ. ಎರಡು ಮಿಲಿಮೀಟರ್ ಹೋಯಿತು ಎನ್ನುತ್ತಾರೆ ಮೇಷ್ಟ್ರು. ನೂರಕ್ಕೆ ಹತ್ತು. ದಕ್ಷಿಣ ಆಫ್ರಿಕಾದ ಜೆನಿಂಗ್ಸ್ ಮತ್ತು ನೈಟ್ ಹಾಕಿಕೊಟ್ಟ ಪಟ್ಟಿಯಲ್ಲಿ ಐದು ದಾಟಿದರೆ ತೊಂದರೆ, ಹತ್ತು ದಾಟಿದರೆ ಭಾರೀ ತೊಂದರೆ. ಅವತ್ತು ಅದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದಿರಿ. ಎರಡಾಳು ಆಳದ ಹಗೇವಿನಲ್ಲಿ ನೂರಕ್ಕೆ ಹತ್ತೆಂದರೆ ಒಂದಡಿ ಎಂದು ಅವತ್ತು ಯಾರೂ ಕೇಳಿರಲಿಲ್ಲ.

ಸುಮ್ಮನೆ ಸುರಿದ ಮಣ್ಣಿನಲ್ಲಿ ಅರ್ಧದಷ್ಟು ಬರೀ ಸಂದು. ಕಣಕ್ಕೆ ಕಣ ತುದಿ ತಾಗಿಸಿ ನಿಂತಿರುತ್ತವೆ. ತಾಗಿದಲ್ಲಿ ಒಣಗಿದ ಜೇಡಿಯ ಚೂರು ಅಂಟು, ಅಷ್ಟಿಷ್ಟು ಪಸೆಯ ಎಳೆತ. ಗುಬ್ಬಿಗೂಡು ಕಟ್ಟಿದ ಕೂಸಿಗೂ ಗೊತ್ತು: ಪಸೆಯಿರುವ ಉಸುಕು ಕಾಲು ತೆಗೆದರೂ ಕಮಾನಾಗಿ ನಿಲ್ಲುತ್ತದೆ, ಅದರ ಮೇಲೆ ಒಂದು ಬೊಗಸೆ ನೀರು ಹೊಯ್ದರೆ ಗೂಡು ಇರುವುದಿಲ್ಲ. ನೀರು ಹೊಸ ಭಾರ ತರಬೇಕೆಂದಿಲ್ಲ. ಇದ್ದ ಭಾರಕ್ಕೆ ಇದ್ದ ಹಿಡಿತವನ್ನು ಬಿಡಿಸಿದರೆ ಸಾಕು. ಮೇಲಿನ ಹನ್ನೆರಡು ಟನ್ನಿನಲ್ಲಿ ಮೂರ್ನಾಲ್ಕು ಟನ್ ಈ ಒಂದು ಕಂಬದ ಪಾಲು, ಕಂಬದ ಕೆಳಗೆ ಒಂದಡಿ ಚೌಕದ ಕಲ್ಲು. ಲ್ಯಾಬಿನ ತೂಕದ ಹೆಚ್ಚುಕಡಿಮೆ ಎರಡು ಪಟ್ಟು. ಐವತ್ತು ವರ್ಷ ಅದು ಮುಳ್ಳು ಸರಿಯದ ಹಾಗೆ ನಿಂತಿತ್ತು.

ಬೆಳಕನ್ನು ಮೆಲ್ಲಗೆ ಕಂಬದ ಗುಂಟ ಮೇಲಕ್ಕೆ ಏರಿಸುತ್ತೀರಿ. ಎಣ್ಣೆಗೈ ತಾಗಿ ನುಣುಪಾದ ಕಂಬ. ಅದರ ತಲೆಯ ಮೇಲೆ ಗಿಳಿ ಕೆತ್ತಿದ ಬೋದಿಗೆ. ಬೋದಿಗೆಯ ಮೇಲೆ ತೊಲೆ.

ತೊಲೆ ಬೋದಿಗೆಯನ್ನು ಮುಟ್ಟುತ್ತಿಲ್ಲ.

ನಡುವೆ ಬೆರಳು ತೂರುವಷ್ಟು ಸಂದು. ಸಂದಿನಲ್ಲಿ ಜೇಡರ ಬಲೆಯ ಹರಿದ ಎಳೆ ತೂಗುತ್ತಿದೆ. ಕಂಬ ಕೆಳಗೆ ಹೋಗಿದೆ, ಮಾಳಿಗೆ ಮೇಲೇ ಉಳಿದಿದೆ. ಹಾಗಾದರೆ ಆ ನಾಲ್ಕು ಟನ್ ಈಗ ಯಾರ ಹೆಗಲ ಮೇಲಿದೆ? ಉತ್ತರ ನಿಮಗೆ ಗೊತ್ತು, ಬಾಯಿಗೆ ಬರುತ್ತಿಲ್ಲ. ಗೋಡೆಗಳ ಮೇಲೆ. ಸಂಜೆ ಬಡಿದು ಗಟ್ಟಿ ಎಂದ ಗೋಡೆಗಳ ಮೇಲೆ. ಅವುಗಳ ಹೊರಮೈ ಮೂರು ದಿನದಿಂದ ಮಳೆಗೆ ಮುಖ ಕೊಟ್ಟು ನಿಂತಿದೆ.

ಮಾಮಾ ಎದ್ದು ಬರುತ್ತಾನೆ, ಲುಂಗಿ ಬಿಗಿಯುತ್ತ, ಕಂಕುಳಲ್ಲಿ ತಾಡಪತ್ರಿ. “ಮ್ಯಾಲ ಹೋಗಿ ಹೊಚ್ಚಿ ಬರ್ತೀನಿ. ಹತ್ತು ಮಿನಿಟಿನ ಕೆಲಸ.”

ಇದೇ ತಾಡಪತ್ರಿ ಮೂರು ದಿನದ ಹಿಂದೆ ಮೇಲೆ ಹೋಗಿದ್ದರೆ ಮನೆ ಉಳಿಯುತ್ತಿತ್ತು. ಆಗ ಅದು ಉದ್ದಿನ ರಾಶಿಯ ಮೇಲಿತ್ತು. ಈಗ ಮಾಳಿಗೆ ಕುಡಿಯುವಷ್ಟು ಕುಡಿದಿದೆ. ಮಾಮಾನ ತೂಕ ಎಪ್ಪತ್ತು ಕಿಲೊ, ಹನ್ನೆರಡು ಟನ್ನಿಗೆ ಅದು ಲೆಕ್ಕಕ್ಕಿಲ್ಲ. ಹೋಗಲಿ ಎನ್ನುತ್ತದೆ ಗಣಿತ. ಆದರೆ ಆ ಎಪ್ಪತ್ತು ಕಿಲೊ ಇಳಿಯುವುದು ಎರಡು ಜಂತಿಗಳ ನಡುವೆ ಒಂದು ಹಿಮ್ಮಡಿಯ ಅಗಲದಲ್ಲಿ. ಕೆಳಗೆ ಅತ್ತಿ ಮಲಗಿದ್ದಾಳೆ, ಮಗ್ಗುಲಲ್ಲಿ ನಾಲ್ಕು ವರ್ಷದ ಕೂಸು. ಬೇಡವೆಂದು ತಡೆದು, ನಾಳೆ ಮನೆ ನಿಂತೇ ಇದ್ದರೆ, ಊರೆಲ್ಲ ನಗುತ್ತದೆ: ಸಿವಿಲ್ ಓದಿ ಬಂದು ನಡುರಾತ್ರಿ ಎಲ್ಲರನ್ನೂ ಮಳೆಗೆ ಹಾಕಿತು ಎಂದು.

“ಹತ್ತಬ್ಯಾಡ್ರಿ ಮಾಮಾ. ಕಂಬ ಇಳದದ. ಎಲ್ಲಾರೂ ಹೊರಗ ನಡೀರಿ.”

“ಏನ್ ಹೇಳ್ಲತ್ತಿ? ಚೀಲ?”

ಹಿಂಗೋಡೆಗೆ ಒರಗಿಸಿ ಒಟ್ಟಿದ ಇಪ್ಪತ್ತೆರಡು ಚೀಲ ಉದ್ದು. ವರ್ಷದ ದುಡ್ಡು, ಕಿರಾಣಿಯ ಉದ್ರಿ, ಬೀಜದ ಸಾಲ, ಎಲ್ಲ ಆ ಚೀಲಗಳಲ್ಲಿದೆ. ಮಾಮಾ ಒಂದು ಚೀಲಕ್ಕೆ ಕೈ ಹಾಕಿಯೇ ಬಿಡುತ್ತಾನೆ. ಆಗ ಗೋಡೆಯೊಳಗಿಂದ ಒಂದು ಸದ್ದು. ಹಲ್ಲಿನ ನಡುವೆ ಉಸುಕು ಸಿಕ್ಕ ಹಾಗೆ ಕರಕರ. ಎಲ್ಲರೂ ಕೇಳುತ್ತೀರಿ. ಯಾರೂ ಉಸಿರು ಬಿಡುವುದಿಲ್ಲ.

ಮುತ್ಯಾ ಎದ್ದು ನಿಲ್ಲುತ್ತಾನೆ. “ಬಿಡು ಅದನ್ನ,” ಎನ್ನುತ್ತಾನೆ ಮಗನಿಗೆ. “ಉದ್ದು ಮುಂದಿನ ವರ್ಷ ಬೆಳೀತದ.”

ಆಮೇಲೆ ಎಲ್ಲ ಬೇಗಬೇಗ. ಅತ್ತಿ ಕೂಸನ್ನು ಕೌದಿ ಸಮೇತ ಎತ್ತುತ್ತಾಳೆ. ನೀವು ತಲೆದಿಂಬಾಗಿ ಇಟ್ಟುಕೊಂಡ ಚೀಲವನ್ನು ಹೆಗಲಿಗೆ ಹಾಕುತ್ತೀರಿ, ಯಾಕೆಂದು ಕೇಳಿದರೆ ಹೇಳಲಾರಿರಿ. ಮಾಮಾ ಎಮ್ಮೆಗಳ ಕಣ್ಣಿ ಬಿಚ್ಚುತ್ತಾನೆ. ಕೆಂಪು ಎಮ್ಮೆ ಏಳುವುದಿಲ್ಲ. ಬಾಲ ತಿರುವುತ್ತಾನೆ. ಏಳುತ್ತದೆ. ಅಂಗಳದಲ್ಲಿ ಮೊಣಕಾಲಿಗೆ ಕೆಸರು. ಮಳೆ ಮುಖಕ್ಕೆ ಹೊಡೆಯುತ್ತದೆ. ಹೊರಬಾಗಿಲ ಅಗಳಿ ಉಬ್ಬಿ ಸಿಕ್ಕಿಕೊಂಡಿದೆ. ಒದೆಯುತ್ತೀರಿ. ಬರುವುದಿಲ್ಲ. ಇನ್ನೊಮ್ಮೆ. ಬಂತು.

ಶಾಲೆಗೆ ಎರಡು ದಾರಿ. ಎಡಕ್ಕೆ ಓಣಿ, ನೂರು ಹೆಜ್ಜೆ, ಎರಡೂ ಬದಿಗೆ ಮಣ್ಣಿನ ಗೋಡೆ. ಬಲಕ್ಕೆ ಎರೆ ಹೊಲದ ಬದು. ಗೋಡೆಗಳಿಲ್ಲ, ಆದರೆ ಈ ಮಳೆಯಲ್ಲಿ ಎರೆಮಣ್ಣು ಮೊಣಕಾಲ ತನಕ ನುಂಗುತ್ತದೆ. ಕೂಸನ್ನೆತ್ತಿದ ಅತ್ತಿ, ಎಂಬತ್ತರ ಹತ್ತಿರದ ಮುತ್ಯಾ. ಒಂದು ಗಳಿಗೆ ನಿಂತು ನೋಡುತ್ತೀರಿ, ಆ ಒಂದು ಗಳಿಗೆ ತಾಸಿನಷ್ಟು ಎಳೆಯುತ್ತದೆ. ಎಡಕ್ಕೆ!

“ನಡುವ ಓಣಿ ಹಿಡೀರಿ. ಗ್ವಾಡಿ ಮುಟ್ಟಬ್ಯಾಡ್ರಿ. ಓಡಬ್ಯಾಡ್ರಿ.”

ನಡೆಯುತ್ತೀರಿ. ನೀರು ಕಣಕಾಲಿಗೆ. ಅರವತ್ತು ಹೆಜ್ಜೆ. ಎಪ್ಪತ್ತು. ಹಿಂದಿನಿಂದ ಧಸಕ್ಕೆಂದು ಒಂದು ಸದ್ದು. ಗುಡುಗಿನಂತಲ್ಲ, ದೊಡ್ಡ ದನ ಮಲಗುವಾಗ ಉಸಿರು ಬಿಟ್ಟಂತೆ, ಮೆತ್ತಗೆ, ಉದ್ದಕ್ಕೆ. ಆಮೇಲೆ ಜಂತಿ ಮುರಿದ ಲಟಲಟ. ತಿರುಗಿ ಬೆಳಕು ಬಿಟ್ಟರೆ ಸುರಿಯುವ ಮಳೆಯಲ್ಲೂ ಧೂಳು ಏಳುತ್ತಿದೆ. ಗೋಡೆಯ ಹೊರಮೈ ನೆನೆದು ಹೋಗಿತ್ತು, ಒಳಗಿನ ಮಣ್ಣು ಮಾತ್ರ ಈಗಲೂ ಒಣಗೇ ಇತ್ತು.

ಯಾರೂ ಅಳುವುದಿಲ್ಲ. ಅತ್ತಿ ಕೂಸಿನ ತಲೆ ಎಣಿಸುತ್ತಾಳೆ, ಒಂದೇ ಇದ್ದರೂ.

ಶಾಲೆಯ ಕಟ್ಟೆಯ ಮೇಲೆ ನಿಮಗಿಂತ ಮೊದಲೇ ಬಂದ ಎರಡು ಮನೆಯವರಿದ್ದಾರೆ. ಒದ್ದೆ ಬಟ್ಟೆಯ ಹಬೆ, ಎಮ್ಮೆಯ ಬಿಸಿಯುಸಿರು, ಯಾರದೋ ಚೀಟಿಯ ತಂಬಾಕು. ನಿಮ್ಮ ಮೊಣಕಾಲು ಈಗ ನಡುಗಲು ಶುರುವಾಗುತ್ತದೆ. ಇಷ್ಟು ಹೊತ್ತು ಅದಕ್ಕೆ ಪುರುಸೊತ್ತಿರಲಿಲ್ಲ. ಮುತ್ಯಾ ಗೋಡೆಗೆ ಒರಗದೆ, ಕಟ್ಟೆಯ ತುದಿಗೆ ಕೂತಿದ್ದಾನೆ.

“ಕಿಲ್ಲಾರಿ ಆದಾಗ ಹಿಂಗೇ ಹೊರಗ ಕುಂತಿದ್ವಿ,” ಎನ್ನುತ್ತಾನೆ. “ಗಣಪತಿ ಕಳಿಸಿ ಬಂದು ಮಲಗಿದ ರಾತ್ರಿ.”

1993ರ ಸೆಪ್ಟೆಂಬರ್ 30, ನಸುಕಿನ 3:56. ಭಾಲ್ಕಿಯಿಂದ ಪಶ್ಚಿಮಕ್ಕೆ ನೇರ ಗೆರೆ ಎಳೆದರೆ ಎಪ್ಪತ್ತು ಕಿಲೋಮೀಟರಿನೊಳಗೆ ಕಿಲ್ಲಾರಿ. ಲಾತೂರು, ಉಸ್ಮಾನಾಬಾದಿನ ಹಳ್ಳಿಗಳಲ್ಲಿ ಹತ್ತು ಸಾವಿರದ ಹತ್ತಿರ ಜೀವ ಹೋದವು. ಹೆಚ್ಚಿನವರನ್ನು ಕೊಂದದ್ದು ಇಂಥದೇ ಕಲ್ಲುಮಣ್ಣಿನ ಗೋಡೆ, ಇಂಥದೇ ಮೊಳ ದಪ್ಪದ ಮಾಳಿಗೆ. ಅಲ್ಲಿ ಹಿಡಿತ ಬಿಡಿಸಿದ್ದು ಭೂಮಿಯ ನಡುಕ. ಮಳೆಗೆ ಅಷ್ಟು ದೊಡ್ಡ ಹೆಸರಿಲ್ಲ, ಅದು ಒಂದೊಂದೇ ಮನೆ ಕೆಡವುತ್ತದೆ. 2019ರ ಜೂನಿನಲ್ಲಿ ಇದೇ ಜಿಲ್ಲೆಯ ಬಸವಕಲ್ಯಾಣದಲ್ಲಿ ರಾತ್ರಿ ಮಲಗಿದ್ದ ಒಂದೇ ಮನೆಯ ಆರು ಮಂದಿಯ ಮೇಲೆ ಮಾಳಿಗೆ ಬಿತ್ತು. ಆರೂ ಮಂದಿ ಏಳಲಿಲ್ಲ. ಆ ಸುದ್ದಿ ಓದಿದ ಬೆಳಗ್ಗೆ ನೀವು ಪೇಪರ್ ಮಡಿಸಿಟ್ಟು ಚಹಾ ಕುಡಿದಿದ್ದಿರಿ. ಈಗ ನಾಲಿಗೆಯ ಮೇಲೆ ಇನ್ನೂ ಆ ನುಣ್ಣನೆಯ ಪುಡಿ ಇದೆ.

ಬೆಳಗಾಗುತ್ತದೆ. ಮಳೆ ಜಿಟಿಜಿಟಿಗೆ ಇಳಿದಿದೆ. ದೂರದಿಂದಲೇ ನೋಡುತ್ತೀರಿ: ಹಿಂಗೋಡೆ ಇಲ್ಲ, ಪಡಸಾಲೆಯ ಅರ್ಧ ಮಾಳಿಗೆ ಇಳಿಬಿದ್ದಿದೆ, ನೀವು ಮಲಗಿದ್ದ ಜಾಗದಲ್ಲಿ ಮಣ್ಣಿನ ಗುಡ್ಡೆ. ನಡುಗಂಬ ಮಾತ್ರ ವಾಲಿಕೊಂಡು ನಿಂತಿದೆ, ಬುಡ ಒಂದು ಗೇಣು ನೆಲದೊಳಗೆ. ಚೀಲಗಳ ಮೂತಿ ಅಲ್ಲಲ್ಲಿ ಕಾಣುತ್ತಿವೆ.

ಮಾಮಾ ನಿಮ್ಮ ಪಕ್ಕ ಬಂದು ಕೂರುತ್ತಾನೆ. ಬಹಳ ಹೊತ್ತು ಸುಮ್ಮನಿದ್ದು ಕೇಳುತ್ತಾನೆ: “ಗ್ವಾಡಿ ಗಟ್ಟಿ ಅದ ಅಂದಿದ್ದೆಲ್ಲ?”

ನೀವು ಉತ್ತರ ಕೊಡುವ ಬದಲು ಮೂರು ಸ್ಟೀಲ್ ಲೋಟ ಬೇಡುತ್ತೀರಿ. ಹೆಗಲ ಚೀಲದಲ್ಲಿ ಪೇಪರಿನಲ್ಲಿ ಸುತ್ತಿದ ಮೂರು ಹೆಂಟೆಗಳಿವೆ. ನಿನ್ನೆ ಬೀದರ್, ಭಾಲ್ಕಿ, ಇಲ್ಲಿ, ಮೂರೂ ಕಡೆ ಒಣಗಿದ್ದಲ್ಲೇ ಆರಿಸಿದವು. ಲೋಟಗಳಿಗೆ ನೀರು ಹಾಕಿ ಕಟ್ಟೆಯ ಮೇಲೆ ಸಾಲಾಗಿ ಇಡುತ್ತೀರಿ. ಮಕ್ಕಳು ಸುತ್ತ ಮುಕುರುತ್ತಾರೆ.

ಮೊದಲನೆಯದು ಬೀದರಿನದು. ಕೆಂಪಗೆ, ತೂತುತೂತಾದ ಜಂಬಿಟ್ಟಿಗೆಯ ಚೂರು. ನೀರಿಗೆ ಬಿಟ್ಟರೆ ನಾಲ್ಕು ಗುಳ್ಳೆ ಬಿಟ್ಟು ತಳದಲ್ಲಿ ಕೂರುತ್ತದೆ. ಅಷ್ಟೇ. ಬಹಮನಿಗಳು ಕೋಟೆಯ ಮೂರು ಸುತ್ತಿನ ಕಂದಕ ಕಡಿದದ್ದು ಇದೇ ಕಲ್ಲಿನಲ್ಲಿ. ಹಸಿಯಿದ್ದಾಗ ಕೊಡಲಿಗೆ ಬಗ್ಗುತ್ತದೆ, ಗಾಳಿಗೆ ಬಿದ್ದು ಗಟ್ಟಿಯಾಗುತ್ತದೆ. ಮಲಬಾರಿನಲ್ಲಿ ಕಂಡ ಇಂಥದೇ ಕಲ್ಲಿಗೆ ಬುಕನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ನಿನ್ನೆ ಬೆಳಗ್ಗೆ ನೌಬಾದಿನಲ್ಲಿ ಸುರಂಗ ಬಾವಿಯ ಗಾಳಿಗಿಂಡಿಯ ಅಂಚಿಗೆ ಮೊಣಕಾಲೂರಿ ಬಗ್ಗಿದ್ದಿರಿ. ಕೆಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಬಂತು, ಅದರ ಹಿಂದೆ ನೀರಿನ ಸದ್ದು. ಐದುನೂರು ವರ್ಷಕ್ಕೂ ಮಿಕ್ಕಿ ಆ ಸುರಂಗ ನೀರಿನಲ್ಲೇ ಕಾಲಿಟ್ಟು ನಿಂತಿದೆ. ಅದರ ಕಣಗಳನ್ನು ಬೆಸೆದದ್ದು ಕಬ್ಬಿಣದ ತುಕ್ಕು. ತುಕ್ಕು ನೀರಿಗೆ ಬಿಟ್ಟುಕೊಡುವುದಿಲ್ಲ.

ಎರಡನೆಯದು ಭಾಲ್ಕಿಯ ಎರೆಹೆಂಟೆ, ಬೇಸಿಗೆಯಿಂದ ಶೆಡ್ಡಿನ ಕೆಳಗೆ ಬಿದ್ದಿದ್ದದ್ದು. ಕಲ್ಲಿನಷ್ಟು ಗಟ್ಟಿ. ನೀರಿಗೆ ಬಿಡುತ್ತಲೇ ಕಾದ ಹೆಂಚಿಗೆ ನೀರು ಚಿಮುಕಿಸಿದ ಹಾಗೆ ಚುಂಯ್ ಎನ್ನುತ್ತದೆ. ಗುಳ್ಳೆ ಏಳುತ್ತವೆ, ಹೆಂಟೆ ಎಲೆಎಲೆಯಾಗಿ ಬಿಚ್ಚಿಕೊಳ್ಳುತ್ತದೆ, ನೋಡನೋಡುತ್ತ ತನ್ನ ಮೊದಲಿನ ಗಾತ್ರ ಮೀರಿ ಉಬ್ಬುತ್ತದೆ. ನಿನ್ನೆ ಮಧ್ಯಾಹ್ನ ಮಳೆ ತೆರಪು ಕೊಟ್ಟಾಗ ಅಲ್ಲಿ ಒಬ್ಬರ ಪಾಯದ ಗುಂಡಿಗೆ ಇಳಿದಿದ್ದಿರಿ. ಎದೆಮಟ್ಟದ ಗುಂಡಿ, ಚಪ್ಪಲಿ ಕಿತ್ತುಕೊಳ್ಳುವ ಕೆಸರು, ಬದಿಯ ಮಣ್ಣಿನಲ್ಲಿ ಎಣ್ಣೆ ಸವರಿದ ಹಾಗೆ ಹೊಳೆಯುವ ಜಾರುಮುಖಗಳು. ಗುಂಡಿಯ ಅಂಚು ಸದ್ದಿಲ್ಲದೆ ಒಂದು ಬೆರಳು ನಿಮ್ಮತ್ತ ಸರಿದದ್ದು ಕಂಡು, ಕೈಚಾಚಿ ಮೇಲೆಳೆಸಿಕೊಂಡಿದ್ದಿರಿ. ಈ ಮಣ್ಣಿನ ಸ್ವಭಾವವೇ ಬೇರೆ. ಹಗುರ ಗೋಡೆಯಾದರೆ ಮೇಲಕ್ಕೆತ್ತಿ ಸೀಳುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಐಐಟಿ ಬಾಂಬೆಯ ಆರ್. ಕೆ. ಕಟ್ಟಿ ಇದರ ಮೇಲೆ ಸುಮಾರು ಒಂದು ಮೀಟರ್ ಉಬ್ಬದ ಅಂಟುಮಣ್ಣಿನ ಪದರ ಹಾಸಿ ಉಬ್ಬನ್ನು ತಡೆಯುವ ದಾರಿ ತೋರಿಸಿದರು. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು ಮಳೆ-ಬಿಸಿಲು ತಾಕದ ಮೂರೂವರೆ ಮೀಟರ್ ಆಳದಲ್ಲಿ ಬುಡ ಅಗಲ ಮಾಡಿ ಕೂರಿಸುವ ಪೈಲುಗಳನ್ನು ರೂಢಿಗೆ ತಂದರು. ಹಣವಿಲ್ಲದವರು ಮುರಂ ಸಿಗುವ ತನಕ ಅಗೆದು ಹೋಗುತ್ತಾರೆ.

ಮೂರನೆಯದು ಈ ಮನೆಯದು. ಸಂಜೆ ಒಳಗೋಡೆಯಿಂದ ಚಾಕುವಿನಲ್ಲಿ ಕೆತ್ತಿಕೊಂಡ ಬೂದುಬಿಳಿ ಚೂರು. ಊರು ಕುಂತ ದಿಬ್ಬದ ಹಾಳುಮಣ್ಣು, ತಲೆತಲಾಂತರದ ಬಿದ್ದ ಗೋಡೆಗಳ, ಒಲೆಗಳ ಪುಡಿ. ಬೆರಳಿನಿಂದ ಒತ್ತಿದರೆ ಜಗ್ಗುವುದಿಲ್ಲ. ಲೋಟಕ್ಕೆ ಬಿಡುತ್ತೀರಿ.

ತಳ ಮುಟ್ಟುವ ಮೊದಲೇ ಅದು ಇರುವುದಿಲ್ಲ. ಚುಂಯ್ ಇಲ್ಲ, ಉಬ್ಬುವುದಿಲ್ಲ, ಬಿರಿಯುವುದಿಲ್ಲ. ಹಾಗೇ ಕಳಚಿಕೊಂಡು ಇಳಿದು, ನೀರು ಚಹಾದ ಬಣ್ಣವಾಗಿ, ತಳದಲ್ಲಿ ಒಂದು ತೆಳು ಗಸಿ. ಮಾಮಾ ಲೋಟ ಎತ್ತಿ ಅಲುಗಿಸಿ ನೋಡುತ್ತಾನೆ. ಏನೂ ಹೇಳುವುದಿಲ್ಲ.

“ಗಟ್ಟಿ ಇತ್ತು ಮಾಮಾ,” ಎನ್ನುತ್ತೀರಿ ಕೊನೆಗೆ. “ಒಣಗಿದ್ದಾಗ. ನಾ ಒಣಗಿದ್ದನ್ನೇ ಬಡದು ನೋಡಿದೆ. ತೋಯಿಸಿ ನೋಡಬೇಕಿತ್ತು.”

ಹಳೆಯ ಗೋಡೆಯ ಮೇಲೆ ಸ್ಲ್ಯಾಬಿನ ಮಾತು ಅಲ್ಲಿಗೆ ಮುಗಿಯುತ್ತದೆ. ಆದರೆ ಜಾಗ ಹಿರಿಯರದು, ಕಟ್ಟಿದರೆ ಇಲ್ಲೇ ಎನ್ನುತ್ತಾನೆ ಮಾಮಾ. ಹಾಗಾದರೆ ಹಗೇವು ಪೂರ್ತಿ ಅಗೆದು ಖಾಲಿ ಮಾಡಬೇಕು ಎನ್ನುತ್ತೀರಿ. ಬೂದಿ, ಹೊಟ್ಟು ಒಂದು ಚೂರೂ ಉಳಿಯಬಾರದು. ಆಮೇಲೆ ಮುರಂ ತಂದು ಗೇಣು ಗೇಣಾಗಿ ಹಾಕಿ, ಪ್ರತಿ ಗೇಣಿಗೂ ನೀರು ಹೊಯ್ದು, ದಿಮ್ಮಸು ಹೊಡೆದು, ಅದು ಇಳಿಯುವಷ್ಟು ಇಳಿದ ಮೇಲೆ ಮುಂದಿನ ಗೇಣು. ಕುಸಿಯುವ ಮಣ್ಣಿದ್ದರೆ ಮನೆ ಏಳುವ ಮೊದಲೇ ಕುಸಿದು ಮುಗಿಸಲಿ.

ಮುತ್ಯಾ ಇಷ್ಟು ಹೊತ್ತು ಮೂರನೆಯ ಲೋಟವನ್ನೇ ನೋಡುತ್ತ ಕೂತಿದ್ದಾನೆ.

“ನನಗ ಗೊತ್ತಿತ್ತು ಮಗಾ,” ಎನ್ನುತ್ತಾನೆ. “ನೀರು ಹೊಯ್ದು ದಿಮ್ಮಸು ಹೊಡೀಬೇಕು ಅನ್ನೋದು ನಮ್ಮಪ್ಪಗೂ ಗೊತ್ತಿತ್ತು. ಎಪ್ಪತ್ತೆರಡು ಅದು. ಕುಡಿಯಾಕೇ ನೀರು ಇರಲಿಲ್ಲ, ಹಗೇವಿಗೆ ಎಲ್ಲಿಂದ ಹೊಯ್ಯಬೇಕು?”

ಲೋಟದ ಗಸಿ ಅಷ್ಟರಲ್ಲಿ ತಳಕ್ಕೆ ಕೂತು ಮೇಲಿನ ನೀರು ತಿಳಿಯಾಗುತ್ತಿದೆ. ಮುತ್ಯಾ ಅದನ್ನು ಎತ್ತಿಕೊಂಡು ಕಟ್ಟೆಯಿಳಿದು, ಬಗ್ಗಿ, ಅಂಗಳದ ಕೆಸರಿಗೆ ನಿಧಾನವಾಗಿ ಹೊಯ್ಯುತ್ತಾನೆ.